ಮೋರಿಯ ಜರಡಿ ಮತ್ತು ನನ್ನ ಶುಕ್ರವಾರಗಳು

ಮಳೆ ಬರುವಾಗ ಮೋರಿಯ ಬಾಯಿಗೆ ಬಾಟಲಿ ಹಿಡಿದು ನಿಲ್ಲುವ ಕೆಲಸ ನನಗೆ ಸಿಕ್ಕಿದ್ದು ಅರವತ್ತೆಂಟು ತುಂಬಿದ ಮೇಲೆ. ಮೊದಲು ಓದಿದವರನ್ನೇ ಹುಡುಕಿದರಂತೆ. ಓದಿದವರೆಲ್ಲ ಮಳೆ ಬರುವ ಹೊತ್ತಿಗೆ ಆಫೀಸಿನಲ್ಲಿರುತ್ತಿದ್ದರು, ಇಲ್ಲವೇ ಟ್ರಾಫಿಕ್ಕಿನಲ್ಲಿ. ನಾನು ಮನೆಯಲ್ಲೇ ಇರುತ್ತಿದ್ದೆ. ನನ್ನ ಮನೆ ಮೂಡಲಪಾಳ್ಯದಲ್ಲಿ, ಪಾರ್ಕಿನ ಮೂಲೆಗೆ ಎದುರು. ಬಾಗಿಲಿನಿಂದ ಮೋರಿಗೆ ಹನ್ನೆರಡು ಹೆಜ್ಜೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಚಿತ್ರದುರ್ಗದ ಕಡೆಯಿಂದ ಇಲ್ಲಿಗೆ ಬಂದೆ. ನಮ್ಮವರೂ ನಾನೂ ಇದೇ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಮಿಲ್ಲು ನಡೆಸಿದೆವು. ಅವರು ಹೋದ ಮೇಲೆ ಮಿಲ್ಲನ್ನು ಮಾರಿದೆ. ಅಂಕಿ ಓದಲು, ತೂಕ ಬರೆಯಲು, ಗಡಿಯಾರ ನೋಡಲು ಬರುತ್ತದೆ. ಬಾಟಲಿ ಹಿಡಿಯುವ ಕೆಲಸಕ್ಕೆ ಅಷ್ಟು ಸಾಕಾಯಿತು. ಇದನ್ನು ಬರೆಯುವುದಕ್ಕೂ ಅಷ್ಟೇ ಇರುವುದು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ನಮ್ಮ ಅಡ್ಡರಸ್ತೆಗೆ ಪಾರ್ಕಿನೊಳಗಿನ ಒಂದು ಬೋರ್‌ವೆಲ್ಲೇ ಆಧಾರ. ಕಾವೇರಿ ನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ಬೇಸಿಗೆಯಲ್ಲಿ ಬೋರು ಒಂದು ಗಂಟೆ ನೀರು ಕೊಟ್ಟು ಮೂರು ಗಂಟೆ ಗಾಳಿ ಉಗುಳುತ್ತಿತ್ತು. ಬೀದಿಯವರೆಲ್ಲ ಟ್ಯಾಂಕರ್‌ಗೆ ಕಾಯುತ್ತಿದ್ದರು. ಆಗ ವಾರ್ಡ್ ಆಫೀಸಿನವರು ಪಾರ್ಕಿನಲ್ಲಿ ಇಂಗುಬಾವಿ ತೋಡಿಸಿದರು. ಬೀದಿಯ ಮಳೆನೀರು ರಾಜಕಾಲುವೆಗೆ ಹೋಗಿ ಹಾಳಾಗುವ ಬದಲು ಆ ಬಾವಿಗಿಳಿದು ನೆಲಕ್ಕೆ ಹೋಗಬೇಕು, ಬೋರಿನಲ್ಲಿ ಮೇಲೆ ಬರಬೇಕು. ಕೇಳಲು ಚೆನ್ನಾಗಿತ್ತು. ಆದರೆ ಬೀದಿಯ ಮಳೆನೀರೆಂದರೆ ಏನು? ಗ್ಯಾರೇಜಿನ ಎಣ್ಣೆ, ನಾಯಿಯ ಹೇಲು, ಪಾನಿಪೂರಿ ಗಾಡಿಯ ಮುಸುರೆ. ಅದು ಬಾವಿಗೆ ಇಳಿದರೆ ಅದನ್ನೇ ನಾವು ಕುಡಿಯಬೇಕು.

ಅದಕ್ಕೆ ಒಂದು ಕಂಪನಿಯವರು ಮೋರಿಗೂ ಬಾವಿಗೂ ನಡುವೆ ಒಂದು ಪೆಟ್ಟಿಗೆ ಹೂಳಿದರು. ಎಮ್ಮೆ ಮಲಗುವಷ್ಟು ದೊಡ್ಡ ಕಾಂಕ್ರೀಟ್ ಪೆಟ್ಟಿಗೆ. ಮುಂದೆ ಕಬ್ಬಿಣದ ಜರಡಿ, ಅದರ ಹಿಂದೆ ಮಣ್ಣು ತಳಕ್ಕೆ ಕೂರುವ ಗುಂಡಿ, ಆಮೇಲೆ ಇದ್ದಿಲಿನಂಥ ಕರೀ ಕಾಳು ತುಂಬಿದ ಕೊಳವೆಗಳು. ನೀರು ಅದರೊಳಗೆ ಹಾದು ಶುದ್ಧವಾಗಿ ಹೊರಗೆ ಬರುತ್ತದೆ ಎಂದು ಅವರ ಮಾತು. ಹೊರಗೆ ಬಂದ ನೀರಿಗೆ ಎರಡು ದಾರಿ. ಒಂದು ರಾಜಕಾಲುವೆಗೆ, ಇನ್ನೊಂದು ಬಾವಿಗೆ. ಬಾವಿಯ ದಾರಿಗೆ ಒಂದು ವಾಲ್ವ್ ಹಾಕಿ ಮುಚ್ಚಿದ್ದರು. ಹೊರಗಿನವರು ಯಾರಾದರೂ ಒಂದು ಮಳೆಗಾಲ ಪರೀಕ್ಷೆ ಮಾಡಿ ಪೆಟ್ಟಿಗೆ ಸರಿಯಿದೆ ಎಂದು ಬರೆದುಕೊಡುವವರೆಗೆ ವಾಲ್ವ್ ತೆಗೆಯುವಂತಿಲ್ಲ ಎಂದು ಆಫೀಸಿನವರು ಹೇಳಿದರು. ಅದು ನನಗೆ ಸರಿ ಕಂಡಿತು. ಹೆಣ್ಣು ಕೊಡುವವರು ಗಂಡಿನ ಗುಣವನ್ನು ಗಂಡಿನ ತಾಯಿಯನ್ನು ಕೇಳಿ ಒಪ್ಪಿಕೊಳ್ಳುತ್ತಾರೆಯೇ? ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸುತ್ತಾರೆ.

ವಿಚಾರಿಸಲು ಬಂದವಳು ಒಂದು ಲ್ಯಾಬಿನ ಹುಡುಗಿ. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಕೆಂಗೇರಿಯಲ್ಲಿ ಮನೆ. ಮಳೆ ಶುರುವಾದ ಮೇಲೆ ಅವಳು ಅಲ್ಲಿಂದ ಹೊರಟು ಇಲ್ಲಿಗೆ ಬರುವಷ್ಟರಲ್ಲಿ ಮೊದಲ ನೀರು ಹರಿದುಹೋಗಿರುತ್ತದೆ. ಮೊದಲ ನೀರೇ ಎಲ್ಲಕ್ಕಿಂತ ಹೊಲಸು. ಅದೇ ಅವಳಿಗೆ ಬೇಕಾದದ್ದು. ಅದಕ್ಕೇ ನನ್ನ ಬಾಗಿಲು ತಟ್ಟಿದಳು.

ನಾನು ಮೊದಲು ಕೇಳಿದ್ದು, "ನಿನಗೆ ಸಂಬಳ ಯಾರು ಕೊಡೋದು? ಆ ಕಂಪನಿಯೋರಾ?"

"ಇಲ್ಲ ಅಜ್ಜಿ. ಅವರು ಮೊದಲೇ ಆಫೀಸಿಗೆ ಕಟ್ಟಿಬಿಟ್ಟಿದಾರೆ. ಆಫೀಸಿಂದ ನಮ್ಮ ಲ್ಯಾಬಿಗೆ ಬರುತ್ತೆ. ಪೆಟ್ಟಿಗೆ ಪಾಸಾದ್ರೂ ಅಷ್ಟೇ, ಫೇಲಾದ್ರೂ ಅಷ್ಟೇ."

"ಹಂಗಾದ್ರೆ ಸರಿ. ಕಾಫಿ ಕುಡೀತೀಯಾ?"

"ನಿಮ್ಮನೇದು ಕುಡೀತೀನಿ. ಅವರದ್ದು ಕುಡಿಯೋ ಹಂಗಿಲ್ಲ." ಕಾಫಿ ಕುಡಿಯುತ್ತಾ ಅವಳೂ ಒಂದು ಕೇಳಿದಳು. "ನಿಮಗೂ ನೀರು ಬೇಕಲ್ವಾ ಅಜ್ಜಿ? ಪೆಟ್ಟಿಗೆ ಪಾಸಾಗಲಿ ಅಂತ ನಿಮಗೂ ಆಸೆ ಇರುತ್ತೆ."

"ಇದೆ. ಆದ್ರೆ ಕುಡಿಯೋಳೂ ನಾನೇ ಕಣಮ್ಮ. ಸುಳ್ಳು ಪಾಸು ಕಟ್ಕೊಂಡು ಏನು ಮಾಡ್ಲಿ?"

ಅವಳು ಒಪ್ಪಿದಳು. ಕೆಲಸ ಹೇಳಿಕೊಟ್ಟಳು. ತಾರಸಿಯ ಮೇಲೆ ಮಳೆ ಅಳೆಯುವ ಡಬ್ಬ ಇಟ್ಟಳು. ಪೆಟ್ಟಿಗೆಯೊಳಕ್ಕೆ ನೀರು ಹೋಗಲು ಶುರುವಾದ ಕೂಡಲೇ ಗಡಿಯಾರ ನೋಡಿ ಬರೆಯಬೇಕು. ಒಳಗೆ ಹೋಗುವ ನೀರಿಗೆ ನೀಲಿ ಮುಚ್ಚಳದ ಬಾಟಲಿ, ಹೊರಗೆ ಬರುವ ನೀರಿಗೆ ಕೆಂಪು ಮುಚ್ಚಳದ್ದು. ಕಾಲು ಗಂಟೆಗೊಂದು ಜೊತೆ. ಬಾಟಲಿಯನ್ನು ತೊಳೆಯಬಾರದು, ಬಾಯಿಗೆ ಬೆರಳು ಸೋಕಿಸಬಾರದು. ತುಂಬಿದ್ದನ್ನು ಐಸ್ ಹಾಕಿದ ಥರ್ಮಾಕೋಲ್ ಡಬ್ಬದಲ್ಲಿಡಬೇಕು. ಬಾಟಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗಲೆಲ್ಲ ಇಬ್ಬರೂ ಸಹಿ ಹಾಕಬೇಕು. ಬರೆಯುವಾಗ ತಪ್ಪಿದರೆ ಗೀಚಿ ಅಳಿಸಬಾರದು. ಒಂದೇ ಗೆರೆ ಎಳೆಯಬೇಕು. ಕೆಳಗಿರುವ ತಪ್ಪು ಓದುವವರಿಗೆ ಕಾಣುತ್ತಿರಬೇಕು. ಪಕ್ಕದಲ್ಲಿ ಸಹಿ.

ಇದೆಲ್ಲ ಒಪ್ಪಿದೆ. ಒಂದಕ್ಕೆ ಮಾತ್ರ ಸಿಟ್ಟು ಬಂತು. ಅವಳು ಒಂದು ಬಾಟಲಿಯಲ್ಲಿ ಏನೂ ಬೆರೆಯದ ಶುದ್ಧ ನೀರು ತರುತ್ತಿದ್ದಳು. ಅದನ್ನು ನಾನು ಮೋರಿಯ ಪಕ್ಕದಲ್ಲೇ ನಿಂತು ಇನ್ನೊಂದು ಬಾಟಲಿಗೆ ಬಗ್ಗಿಸಿ ಉಳಿದವುಗಳ ಜೊತೆ ಕಳಿಸಬೇಕು. ಅದರಲ್ಲಿ ಕೊಳೆ ಸಿಕ್ಕರೆ ಅದು ಮೋರಿಯದಲ್ಲ, ನನ್ನ ಕೈಯದು.

"ಅಂದ್ರೆ ನನ್ನ ಕೈ ಮೇಲೆ ಅನುಮಾನ?" ಅಂದೆ.

"ನನ್ನ ಕೈ ಮೇಲೂ ಅಜ್ಜಿ. ಲ್ಯಾಬಲ್ಲಿ ನಾನೂ ಹಿಂಗೇ ಒಂದು ಇಡ್ತೀನಿ."

ಒಂದು ದಿನ ಬೇಜಾರಿತ್ತು. ಆಮೇಲೆ ಯೋಚಿಸಿದೆ. ನಮ್ಮ ಮಿಲ್ಲಿಗೆ ರಾಗಿ ತರುವ ಮೊದಲು ಮನೆಯಲ್ಲೇ ತೂಕ ಹಾಕಿ ತರುವ ಹೆಂಗಸರಿದ್ದರು. ಅವರನ್ನು ನಾನು ಯಾವತ್ತೂ ಬೈದಿರಲಿಲ್ಲ.

ಮಳೆ ಶುರುವಾಯಿತು. ಈ ಊರಿನ ಮಳೆಗೆ ನಾಲ್ಕು ಗಂಟೆಯ ಮೇಲೇ ಪ್ರಾಣ ಬರುವುದು. ಮೋಡ ಕಪ್ಪಾಗುತ್ತಿದ್ದ ಹಾಗೆ ಸೊಸೆಯ ಹಳೇ ರೇನ್‌ಕೋಟ್ ಹಾಕಿಕೊಂಡು ಗಡಿಯಾರ, ಪುಸ್ತಕ, ಡಬ್ಬ ಹಿಡಿದು ಹೋಗಿ ನಿಲ್ಲುತ್ತಿದ್ದೆ. ಬಾಟಲಿಯನ್ನು ಉದ್ದ ಕೋಲಿನ ಕ್ಲಿಪ್ಪಿಗೆ ಸಿಕ್ಕಿಸಿ ಇಳಿಸುವುದು, ತುಂಬಿದ ಮೇಲೆ ಎತ್ತುವುದು. ಬೀದಿಯವರಿಗೆ ತಮಾಷೆ. ಎದುರು ಮನೆಯವಳು ಗೇಟಿನೊಳಗಿಂದಲೇ ಕೇಳಿದಳು, "ಅಜ್ಜಿ, ಮೋರಿ ನೀರು ಯಾವ ಹೋಟ್ಲಿಗೆ ಸಪ್ಲೈ?"

"ನಿಮ್ಮನೆಗೇ ಕಣೇ. ಮುಂದಿನ ವರ್ಷದಿಂದ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ತಿಂಗಳು ಹೀಗೆ ನಡೆಯಿತು. ಹುಡುಗಿ ಬಾಟಲಿಗಳನ್ನು ಒಯ್ಯುತ್ತಿದ್ದಳು, ಲ್ಯಾಬಿನಲ್ಲಿ ನೋಡುತ್ತಿದ್ದಳು. ಫಲ ಚೆನ್ನಾಗಿಯೇ ಬರುತ್ತಿತ್ತು. ಚೆನ್ನಾಗಿ ಎಂದರೆ ಅವಳಿಗೇ ಆಶ್ಚರ್ಯವಾಗುವಷ್ಟು. "ದಿನ ಕಳೆದ ಹಾಗೆ ಸ್ವಲ್ಪ ಇಳೀಬೇಕು ಅಜ್ಜಿ. ಇದು ಇಳೀತಾನೇ ಇಲ್ಲ," ಅನ್ನುತ್ತಿದ್ದಳು. ಬರುವಾಗಲೆಲ್ಲ ಮುಂದಿನ ಜರಡಿಯ ಫೋಟೊ ತೆಗೆಯುತ್ತಿದ್ದಳು. ಜರಡಿ ಪ್ರತಿಸಲವೂ ಚೊಕ್ಕಟವಾಗಿರುತ್ತಿತ್ತು.

ಚೊಕ್ಕಟವಾಗಿರದೆ ಏನು? ನಾನು ತೊಳೆಯುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಹೊಸಿಲು ತೊಳೆದು, ಮುಂದಿನ ಕಲ್ಲುಚಪ್ಪಡಿ ತೊಳೆದು, ಅದೇ ಪೊರಕೆ ತೆಗೆದುಕೊಂಡು ಹನ್ನೆರಡು ಹೆಜ್ಜೆ ಹೋಗುತ್ತಿದ್ದೆ. ಜರಡಿಯ ಮೇಲಿನ ಮುಚ್ಚಳಕ್ಕೆ ಒಂದು ಕೊಕ್ಕೆ ಸಿಕ್ಕಿಸಿದರೆ ಸಾಕು, ಮೇಲೆ ಬರುತ್ತದೆ. ಎಲೆ, ಗುಟ್ಕಾ ಕವರು, ಹಾಲಿನ ಪ್ಯಾಕೆಟ್ಟಿನ ತುಂಡು, ಎಲ್ಲ ಬಳಿದು ತೆಗೆದು ಎರಡು ಬಕೆಟ್ ನೀರು ಹುಯ್ಯುತ್ತಿದ್ದೆ. ಹೊರಗಿನವರು ಬಂದು ಕೆಲಸ ಮಾಡುವ ಜಾಗ. ಅವರ ಮುಂದೆ ನಮ್ಮ ಬೀದಿಯ ಹೊಲಸು ಕಾಣಬಾರದು. ಬಾಟಲಿ ಮುಟ್ಟಬೇಡಿ ಎಂದು ಹುಡುಗಿ ಹೇಳಿದ್ದಳು, ಮುಟ್ಟಲಿಲ್ಲ. ಕಸ ತೆಗೆಯುವುದು ಮುಟ್ಟುವುದೆಂದು ನನ್ನ ತಲೆಗೆ ಬರಲೇ ಇಲ್ಲ.

ಬಂದದ್ದು ಒಂದು ಭಾನುವಾರ, ಬೀದಿಯ ಸಂಘದ ಮೀಟಿಂಗಿನಲ್ಲಿ. ಸಂಘದ ಅಧ್ಯಕ್ಷರು ರಿಟೈರಾದ ಆಫೀಸರು, ಒಳ್ಳೆಯ ಮನುಷ್ಯ, ಆದರೆ ತರಾತುರಿ. ಪಾರ್ಕಿನ ಕಲ್ಲುಬೆಂಚುಗಳ ಮೇಲೆ ಎಲ್ಲರೂ ಕೂತಿದ್ದೆವು. ಕಂಪನಿಯವನು ಬಂದಿದ್ದ. ಅವನೇ ಈ ಪೆಟ್ಟಿಗೆಯನ್ನು ಯೋಚಿಸಿ ಮಾಡಿಸಿದವನಂತೆ. ಎಲ್ಲರನ್ನೂ ಕರೆದುಕೊಂಡು ಹೋಗಿ ಮುಚ್ಚಳ ಎತ್ತಿ ತೋರಿಸಿದ.

"ನೋಡಿ ಸಾರ್. ಎರಡು ತಿಂಗಳಿಂದ ಇದನ್ನ ಯಾರೂ ಮುಟ್ಟಿಲ್ಲ. ತಟ್ಟೆ ಥರ ಇದೆ. ನೀರಿನ ರಭಸಕ್ಕೆ ಜರಡಿ ತನ್ನಷ್ಟಕ್ಕೆ ತಾನೇ ಕ್ಲೀನಾಗೋ ಹಂಗೆ ಮಾಡಿದೀವಿ. ಆರು ತಿಂಗಳಿಗೊಮ್ಮೆ ಒಬ್ಬ ಬಂದು ನೋಡಿದ್ರೆ ಸಾಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಲ್ಯಾಬಿನ ಕಾಗದ ಬಂದ ವಾರದಲ್ಲೇ ವಾಲ್ವ್ ತೆಗೆಸೋಣ ಎಂದು ಅಧ್ಯಕ್ಷರು ಅಂದರು. ನನ್ನ ಪಕ್ಕದಲ್ಲಿ ಸೊಸೆ ಕೂತಿದ್ದಳು. ಅವಳ ಮುಖ ಅರಳಿತ್ತು. ನಾನು ಬಾಯಿ ತೆಗೆಯಲಿಲ್ಲ. ಯಾವತ್ತೂ ಬಾಯಿ ಮುಚ್ಚದವಳು ಅವತ್ತು ಮುಚ್ಚಿಕೊಂಡು ಕೂತೆ. ಅದು ಈಗಲೂ ನನಗೆ ಸರಿಬರುವುದಿಲ್ಲ.

ಮಿಲ್ಲು ನಡೆಸಿದವಳಿಗೆ ಜರಡಿಯ ವಿಷಯ ಹೇಳಿಕೊಡಬೇಕಾಗಿಲ್ಲ. ತೌಡು ಕಟ್ಟಿಕೊಂಡ ಜರಡಿಯಲ್ಲಿ ಹಿಟ್ಟು ಇಳಿಯುವುದಿಲ್ಲ, ಪಕ್ಕಕ್ಕೆ ಚೆಲ್ಲುತ್ತದೆ. ಈ ಪೆಟ್ಟಿಗೆಯ ಪಕ್ಕದಲ್ಲೂ ಒಂದು ಕೊಳವೆ ಇತ್ತು. ಮಳೆ ಜೋರಾದಾಗ ಹೆಚ್ಚಾದ ನೀರು ಕರೀ ಕಾಳಿನೊಳಗೆ ಹೋಗದೆ ಆ ಕೊಳವೆಯಲ್ಲಿ ಹೋಗಿ ನೇರ ಹೊರಗಿನ ನೀರಿಗೆ ಸೇರಲಿ ಎಂದು. ಜರಡಿ ಕಟ್ಟಿಕೊಂಡರೆ ನೀರೆಲ್ಲ ಅದೇ ದಾರಿ ಹಿಡಿಯುತ್ತದೆ. ಅಂದರೆ ಮೋರಿಯ ನೀರು ಮೋರಿಯ ನೀರಾಗಿಯೇ ಬಾವಿಗೆ. ಆರು ತಿಂಗಳು ಯಾರೂ ಮುಟ್ಟದಿದ್ದರೆ ಈ ಬೀದಿಯ ಕಸಕ್ಕೆ ಜರಡಿ ಎಷ್ಟು ದಿನ ತಡೆಯುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮಾಡಿದವಳು ನಾನೇ.

ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ಪಾತ್ರೆ ಉಜ್ಜುತ್ತಿದ್ದಳು.

"ಅತ್ತೆ, ಸುಮ್ನಿರಿ. ಕಸ ತೆಗೆದಿದ್ದು ಒಂದು ತಪ್ಪಾ? ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಕೇಳಲಿಲ್ಲ."

"ಮತ್ತೆ? ಕೆಲಸಕ್ಕೆ ಲೇಟಾದ್ರೂ ಟ್ಯಾಂಕರ್‌ಗೆ ಕಾಯ್ತಾ ನಿಲ್ತೀನಲ್ಲ, ಅದು ನಿಮಗೆ ಕಾಣಲ್ವಾ?"

"ಕಾಣುತ್ತೆ. ಆ ಬೋರಿನ ನೀರನ್ನ ನಾಳೆ ನಿನ್ನ ಮಗಳಿಗೆ ಕುಡಿಸ್ತೀಯಲ್ಲ, ಅದೂ ಕಾಣುತ್ತೆ."

ಅವಳು ಬಾಣಲೆಯನ್ನು ಕುಕ್ಕಿದಳು.

ಎರಡು ದಿನ ಬಿಟ್ಟು, ಮಂಗಳವಾರ, ಹುಡುಗಿ ಮಳೆ ಡಬ್ಬದ ಅಂಕಿ ಬರೆದುಕೊಳ್ಳಲು ಬಂದಳು. ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. "ಜರಡಿ ತಾನಾಗಿ ಕ್ಲೀನಾಗ್ತಿಲ್ಲ. ಶುಕ್ರವಾರ ಶುಕ್ರವಾರ ನಾನು ತೊಳೀತಾ ಇದೀನಿ."

ಅವಳು ನನ್ನನ್ನೇ ನೋಡಿದಳು. "ಯಾವಾಗಿಂದ?"

"ಮೊದಲನೇ ಶುಕ್ರವಾರದಿಂದ. ಒಂದೂ ತಪ್ಪಿಸಿಲ್ಲ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಎರಡು ತಿಂಗಳ ಕೆಲಸ ಅವಳದ್ದು. ಲ್ಯಾಬಿನಲ್ಲಿ ಮೇಲಿನವರಿಂದ ಅವಳಿಗೆ ಏನು ಕಾದಿತ್ತೋ. ಆದರೆ ನನ್ನನ್ನು ಬೈಯಲಿಲ್ಲ. "ನಾನೇ ಕೇಳಬೇಕಿತ್ತು ಅಜ್ಜಿ. ಜರಡಿ ಇಷ್ಟು ಚೆನ್ನಾಗಿರೋದು ಹೆಂಗೆ ಅಂತ ಕೇಳಬೇಕಿತ್ತು. ಕೇಳಲಿಲ್ಲ."

"ಇಬ್ಬರದ್ದೂ ತಪ್ಪಿರಲಿ. ಈಗೇನು ಮಾಡೋದು ಹೇಳು."

ಅವಳು ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಬಂದು ಪುಸ್ತಕ ಬಿಚ್ಚಿದಳು. ಎರಡು ತಿಂಗಳು ನಾನು ಬರೆದ ಹಾಳೆಗಳಿಗೆಲ್ಲ ಒಂದೊಂದೇ ಗೆರೆ ಎಳೆದೆವು. ಮಳೆಯಲ್ಲಿ ನಿಂತು, ಮಂಡಿ ನೋವಿನಲ್ಲಿ, ಗಡಿಯಾರ ನೋಡಿ ನೋಡಿ ಬರೆದ ಅಂಕಿಗಳು. ಗೆರೆಯ ಕೆಳಗೆ ಎಲ್ಲ ಕಾಣುತ್ತಿದ್ದವು. ಪಕ್ಕದಲ್ಲಿ ಕಾರಣ ಬರೆಯಲು ಹೇಳಿದಳು. ನಾನು ಬರೆದೆ: ಪ್ರತಿ ಶುಕ್ರವಾರ ಜರಡಿ ತೊಳೆದೆ, ಗೊತ್ತಿರಲಿಲ್ಲ.

"ಗೊತ್ತಿರಲಿಲ್ಲ ಅನ್ನೋದು ಬೇಡ ಅಜ್ಜಿ. ಏನಾಯ್ತೋ ಅಷ್ಟು ಸಾಕು," ಅಂದಳು.

ಆ ಮಾತಿಗೂ ಒಂದು ಗೆರೆ ಎಳೆದು ಸಹಿ ಹಾಕಿದೆ.

ವಿಷಯ ಅವತ್ತೇ ಬೀದಿಯಲ್ಲಿ ಹರಡಿತು. ಅಧ್ಯಕ್ಷರು ಗೇಟಿನ ಹತ್ತಿರ ಬಂದು ನಿಂತರು. "ಅಮ್ಮ, ನೀವು ಸುಮ್ನೆ ಇದ್ದಿದ್ರೆ ಆಗಿಹೋಗ್ತಿತ್ತು. ಈಗ ಮೊದಲಿಂದ ಶುರು ಅಂತೆ."

"ಸುಮ್ನೆ ಇದ್ದಿದ್ರೆ ನೀರು ಬರ್ತಿತ್ತು ಸಾರ್. ಎಂಥ ನೀರು ಅಂತ ಕೇಳಿ."

ಅವರು ಕೇಳಲಿಲ್ಲ, ಹೋದರು. ಎದುರು ಮನೆಯವಳು ನನ್ನನ್ನು ಕಂಡರೆ ಟ್ಯಾಂಕರ್ ಪೈಪನ್ನು ಬೇಕೆಂದೇ ಜೋರಾಗಿ ಎಳೆಯುತ್ತಿದ್ದಳು. ತರಕಾರಿ ಗಾಡಿಯ ಹತ್ತಿರ ಒಬ್ಬಳು ನನಗೆ ಕೇಳಿಸುವ ಹಾಗೆಯೇ ಹೇಳಿದಳು, "ಮಾಡಬಾರದ ಕೆಲಸ ಮಾಡೋದು, ಹೇಳಬಾರದ ಹೊತ್ತಲ್ಲಿ ಹೇಳೋದು." ಅವಳು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನಾನು ಬದನೆಕಾಯಿ ಆರಿಸಿಕೊಂಡು ಬಂದೆ.

ಕಂಪನಿಯವನು ಮನೆಗೇ ಬಂದ. ಕೂರು ಅಂದೆ. ಕೂತ.

"ಅಜ್ಜಿ, ನೀವು ತೆಗೆದಿದ್ದು ಬರೀ ಎಲೆ, ಕವರು. ಒಳಗಿನ ಫಿಲ್ಟರ್ ನೀವು ಮುಟ್ಟಿಲ್ಲ. ಅಷ್ಟಕ್ಕೆ ಎಲ್ಲ ಹಾಳು ಮಾಡಬೇಕಾ?"

"ಎಲೆ ತೆಗೆದ್ರೆ ಏನೂ ಆಗಲ್ಲ ಅಂತೀಯಾ?"

"ಏನೂ ಆಗಲ್ಲ."

"ಹಂಗಾದ್ರೆ ನಾನು ತೆಗೀದೇ ಇದ್ರೂ ನಿನ್ನ ಪೆಟ್ಟಿಗೆ ಪಾಸಾಗುತ್ತಲ್ಲ. ಭಯ ಯಾಕಪ್ಪ?"

ಅವನು ನಾನು ಕೊಟ್ಟ ಕಾಫಿಯ ಲೋಟ ಕೆಳಗಿಟ್ಟ. ಕೆಟ್ಟವನಲ್ಲ ಅವನು. ಆ ಪೆಟ್ಟಿಗೆಯ ಮೇಲೆ ಅವನಿಗೆ ಮಗುವಿನ ಮೇಲಿನಷ್ಟು ಪ್ರೀತಿ. ಅಷ್ಟು ಪ್ರೀತಿ ಇರುವವನ ಕೈಗೆ ತಕ್ಕಡಿ ಕೊಡಬಾರದು, ಅಷ್ಟೇ.

ಗಣೇಶನ ಹಬ್ಬ ಮುಗಿದ ಮೇಲೆ ಪರೀಕ್ಷೆ ಮೊದಲಿನಿಂದ ಶುರುವಾಯಿತು. ಹುಡುಗಿ ಈ ಸಲ ಜರಡಿಯ ಮುಚ್ಚಳಕ್ಕೆ ತಂತಿ ಸುತ್ತಿ ಸೀಲ್ ಹಾಕಿದಳು. ನನ್ನ ಮೇಲೆ ಅನುಮಾನವೇ ಎಂದು ಈ ಸಲ ಕೇಳಲಿಲ್ಲ.

ಶುಕ್ರವಾರಗಳು ಕಷ್ಟವಾದವು. ಹೊಸಿಲು ತೊಳೆದು ಪೊರಕೆ ಹಿಡಿದು ನಿಂತರೆ ಕಾಲು ತಾನಾಗಿ ಆ ಕಡೆ ಹೋಗುತ್ತಿತ್ತು. ಮುಚ್ಚಳದ ಕಂಬಿಗಳ ನಡುವೆ ನೋಡಿದರೆ ಕಸ ಏರುವುದು ಕಾಣುತ್ತಿತ್ತು. ಮೊದಲ ವಾರ ಎಲೆ. ಎರಡನೇ ವಾರ ಯಾರದೋ ಚಪ್ಪಲಿ, ಅದರ ಸುತ್ತ ಕೂದಲು, ಮಣ್ಣು. ಮೂರನೇ ವಾರಕ್ಕೆ ನೊಣ. ಎದುರು ಮನೆಯವಳು ಮೂಗು ಮುಚ್ಚಿಕೊಂಡು ಬಂದು, "ಅಜ್ಜಿ, ಈಗ್ಲಾದ್ರೂ ತೊಳೀರಿ," ಅಂದಳು. "ಈಗ್ಲೇ ತೊಳೆಯೋ ಹಂಗಿಲ್ಲ," ಅಂದೆ. ಆದರೂ ಮಳೆ ಬಂದಾಗ ಹೊರಗಿನ ನೀರು ಸುಮಾರಾಗಿಯೇ ಬರುತ್ತಿತ್ತು. ಸ್ವಲ್ಪ ಮಂಕು, ಅಷ್ಟೇ. ಕಂಪನಿಯವನಿಗೆ ಧೈರ್ಯ ಬಂತು.

ಆಯುಧಪೂಜೆ ಬಂತು. ನಮ್ಮ ಬೀದಿಯಲ್ಲಿ ಒಂದು ಗ್ಯಾರೇಜು, ಎರಡು ವರ್ಕ್‌ಶಾಪು, ಮನೆಗೆರಡು ಬೈಕು, ಹತ್ತು ಹನ್ನೆರಡು ಆಟೋ. ಬೆಳಿಗ್ಗೆಯಿಂದಲೇ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವುದು ಶುರು. ಹನ್ನೊಂದು ಗಂಟೆಗೆ ರಸ್ತೆ ಕೆಂಪಾಗಿತ್ತು. ಕಂಪನಿಯವನೂ ಬಂದ. ಪೆಟ್ಟಿಗೆಗೆ ಚೆಂಡುಹೂವಿನ ಹಾರ ಹಾಕಿದ, ಎರಡು ಬಾಳೆಕಂದು ಕಟ್ಟಿದ, ಕರ್ಪೂರ ಹಚ್ಚಿದ. ಆಮೇಲೆ ಎಲ್ಲರಿಗಿಂತ ದೊಡ್ಡ ಕುಂಬಳಕಾಯಿ ತೆಗೆದು ಪೆಟ್ಟಿಗೆಯ ಮುಂದೆ, ಮೋರಿಯ ಬಾಯಲ್ಲೇ, ಎತ್ತಿ ಒಡೆದ. ನನಗೂ ಮಂಡಕ್ಕಿ, ಸಿಹಿ ಕೊಟ್ಟ. ಪ್ರಸಾದವಾದರೂ ಬೇಡ ಅಂದೆ. ನಿಯಮ ನಿಯಮವೇ.

ಮೂರೂವರೆಗೆ ಮೋಡ ಕಟ್ಟಿತು. ಹುಡುಗಿಗೆ ಫೋನು ಮಾಡಿದೆ. "ನಾಯಂಡಹಳ್ಳಿ ಹತ್ರ ಸಿಕ್ಕಾಕೊಂಡಿದೀನಿ ಅಜ್ಜಿ, ಗಾಡಿ ಅಲ್ಲಾಡ್ತಿಲ್ಲ. ನೀವೇ ಶುರು ಮಾಡಿ," ಅಂದಳು. ರೇನ್‌ಕೋಟ್ ಹಾಕಿಕೊಳ್ಳುವಷ್ಟರಲ್ಲಿ ಮಳೆ ಸುರಿಯಲಾರಂಭಿಸಿತು. ಇಡೀ ಬೀದಿಯ ಕುಂಬಳಕಾಯಿ, ನಿಂಬೆಹಣ್ಣು, ಬಾಳೆ ಎಲೆ, ಹೂವು, ಕುಂಕುಮ ಒಂದಾಗಿ ಇಳಿಜಾರಿನಲ್ಲಿ ಬಂತು. ಜರಡಿಯ ಮುಂದೆ ನಿಂತಿತು. ಏರಿತು. ಏರಿ ಪಕ್ಕದ ಕೊಳವೆಗೆ ನುಗ್ಗಿತು.

ಕಂಪನಿಯವನು ಕೊಡೆ ಹಿಡಿದು ನನ್ನ ಪಕ್ಕದಲ್ಲೇ ಇದ್ದ. "ಅಜ್ಜಿ, ಇವತ್ತಿಂದು ತಗೋಬೇಡಿ. ಹಬ್ಬ ಇದು. ವರ್ಷಕ್ಕೊಂದು ದಿನ."

"ಹಬ್ಬದ ದಿನದ ನೀರು ಬಾವಿಗೆ ಇಳಿಯಲ್ವಾ?"

"ಆ ಕುಂಬಳಕಾಯಿ ಒಂದು ತೆಗೀತೀನಿ. ನಾನೇ ಹಾಕಿದ್ದು ಅದು." ಅವನು ಬಗ್ಗಿ ಸೀಲಿನ ತಂತಿಗೆ ಕೈ ಹಾಕಿದ.

"ತೆಗಿ. ಎಷ್ಟು ಗಂಟೆಗೆ ತೆಗೆದೆ ಅಂತ ಬರ್ಕೋತೀನಿ," ಅಂದೆ. ಪುಸ್ತಕ ಬಿಚ್ಚಿದೆ.

ಅವನ ಕೈ ಅಲ್ಲೇ ನಿಂತಿತು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡ. ಎದ್ದು ನಿಂತು ಕೊಡೆಯನ್ನು ತನ್ನ ತಲೆಯ ಮೇಲಿನಿಂದ ಸರಿಸಿ ನನ್ನ ಪುಸ್ತಕದ ಮೇಲೆ ಹಿಡಿದ, ಅಕ್ಷರ ನೆನೆಯದ ಹಾಗೆ. ಅವನು ಪೂರ್ತಿ ನೆನೆದ.

ನೀಲಿ ಮುಚ್ಚಳದ ಬಾಟಲಿ ತುಂಬಿದೆ. ಒಳಗೆ ಹೋಗುವ ನೀರು ಕೆಂಪು. ಕೆಂಪು ಮುಚ್ಚಳದ್ದು ತುಂಬಿದೆ. ಹೊರಗೆ ಬರುವ ನೀರೂ ಕೆಂಪು. ಎರಡನ್ನೂ ಎತ್ತಿ ಹಿಡಿದರೆ ಮುಚ್ಚಳ ನೋಡದೆ ಯಾವುದು ಯಾವುದೆಂದು ಹೇಳಲು ಆಗುತ್ತಿರಲಿಲ್ಲ. ಕಾಲು ಗಂಟೆಗೊಂದು ಜೊತೆ, ಮಳೆ ನಿಲ್ಲುವವರೆಗೆ ತೆಗೆದೆ. ಹುಡುಗಿ ಓಡಿಕೊಂಡು ಬಂದಾಗ ಕೊನೆಯ ಜೊತೆ ಡಬ್ಬದಲ್ಲಿತ್ತು. ಅವಳು ಬಾಟಲಿ ನೋಡಿದಳು, ಅವನನ್ನು ನೋಡಿದಳು, ಸಹಿ ಹಾಕಿದಳು.

ಲ್ಯಾಬಿನ ಕಾಗದ ಚಳಿಗಾಲದಲ್ಲಿ ಬಂತು. ಅಧ್ಯಕ್ಷರು ಪಾರ್ಕಿನಲ್ಲಿ ಓದಿದರು. ಜರಡಿ ಶುದ್ಧವಾಗಿರುವವರೆಗೆ ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ತೊಳೆಯದಿದ್ದರೆ ವಾರದಿಂದ ವಾರಕ್ಕೆ ಇಳಿಯುತ್ತದೆ, ಕಟ್ಟಿಕೊಂಡ ಮೇಲೆ ನೀರು ಹಾಗೆಯೇ ದಾಟಿಹೋಗುತ್ತದೆ. ತನ್ನಷ್ಟಕ್ಕೆ ಕ್ಲೀನಾಗುತ್ತದೆ ಎಂಬ ಮಾತು ಸರಿಯಲ್ಲ. ವಾರಕ್ಕೊಮ್ಮೆ ಮತ್ತು ಪ್ರತಿ ಹಬ್ಬದ ಮಾರನೆಯ ದಿನ ತೊಳೆಯಬೇಕು. ಹಾಗೆ ತೊಳೆಯುವ ಏರ್ಪಾಡಿಲ್ಲದೆ ಬಾವಿಗೆ ನೀರು ಬಿಡಬಾರದು. ಕಂಪನಿಯವನು ತನ್ನ ಕಾಗದದಲ್ಲಿ ಆರು ತಿಂಗಳು ಎಂದು ಇದ್ದದ್ದನ್ನು ವಾರ ಎಂದು ತಿದ್ದಿಸಿದ. ಅದನ್ನು ನನಗೆ ತಂದು ತೋರಿಸಿದ.

ತೊಳೆಯುವವರು ಯಾರು ಎಂಬ ಮಾತು ಬಂತು. ಬೆಂಚುಗಳ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಗು ಬಂತು ನನಗೆ.

"ಅಮ್ಮ, ಹೆಂಗೂ ನಿಮಗೆ ಅಭ್ಯಾಸ ಇದೆ," ಅಂದರು ಅಧ್ಯಕ್ಷರು.

"ಇದೆ. ಮಾಡಲ್ಲ."

"ಯಾಕಮ್ಮ?"

"ನಾನು ಸತ್ತ ವಾರ ಯಾರು ತೊಳೀತಾರೆ ಸಾರ್? ನನ್ನ ಹೆಣ ಎತ್ತೋಕೆ ನಾಲ್ಕು ಜನ ಬರ್ತಾರೆ, ಜರಡಿ ಎತ್ತೋಕೆ ಒಬ್ಬರೂ ಬರಲ್ಲ. ಸಂಬಳದ ಆಳು ಇಡಿ. ತೊಳೆದ ದಿನ ಪುಸ್ತಕದಲ್ಲಿ ಸಹಿ ಹಾಕಿಸಿ. ಸಹಿ ಇಲ್ಲದ ವಾರ ವಾಲ್ವ್ ಮುಚ್ಚಿ. ಇದನ್ನ ಬರೀರಿ, ನಾನು ಹೆಬ್ಬೆಟ್ಟಲ್ಲ, ಸಹಿ ಹಾಕ್ತೀನಿ."

ಗೊಣಗಿದರು. ಒಂದು ವಾರ ತಪ್ಪಿದರೆ ಪ್ರಳಯವಾಗುತ್ತದೆಯೇ ಎಂದು ಒಬ್ಬರು ಕೇಳಿದರು. ಆಯುಧಪೂಜೆಯ ದಿನದ ಬಾಟಲಿಗಳ ಫೋಟೊ ಕಾಗದದಲ್ಲಿತ್ತು. ಅದನ್ನು ಅವರ ಕೈಗೆ ಕೊಟ್ಟೆ. ಅಧ್ಯಕ್ಷರು ಬರೆದರು. ಎಲ್ಲರೂ ಸಹಿ ಹಾಕಿದರು, ಎದುರು ಮನೆಯವಳೂ.

ಹೆಗ್ಗನಹಳ್ಳಿಯಿಂದ ಬರುವ ಒಬ್ಬ ಹೆಂಗಸನ್ನು ಗೊತ್ತುಮಾಡಿದರು. ರಾಯಚೂರಿನ ಕಡೆಯವಳು, ಗಟ್ಟಿ ಕೈ, ಕೆಲಸ ಚೊಕ್ಕ. ಬೇಸಿಗೆಯ ಮೊದಲ ಮಳೆಗೆ ಮುಂಚೆ ಆಫೀಸಿನವರು ಬಂದು ವಾಲ್ವ್ ತೆಗೆದು ಕೀಲಿಯನ್ನು ಅಧ್ಯಕ್ಷರಿಗೆ ಕೊಟ್ಟರು. ಎರಡು ಮಳೆ ಬಾವಿಗೆ ಇಳಿದವು. ಬೋರು ಗಾಳಿ ಉಗುಳುವುದು ಕಡಿಮೆಯಾಯಿತು ಎಂದು ಬೀದಿಯವರು ಅಂದರು. ಎರಡು ಮಳೆಗೆ ಹಾಗಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಮೂರನೇ ವಾರ ಆ ಹೆಂಗಸು ಬರಲಿಲ್ಲ. ಊರಿನಲ್ಲಿ ತಂಗಿಯ ಹೆರಿಗೆ. ಪುಸ್ತಕ ನೋಡಿದೆ, ಸಹಿ ಇರಲಿಲ್ಲ. ಜರಡಿ ನೋಡಿದೆ. ಪೊರಕೆ ನನ್ನ ಬಾಗಿಲಲ್ಲೇ ಇತ್ತು. ಕಾಲು ಗಂಟೆಯ ಕೆಲಸ. ತೊಳೆದುಬಿಟ್ಟರೆ ಮುಂದಿನ ವಾರವೂ ನಾನೇ, ಅದರ ಮುಂದಿನ ವಾರವೂ ನಾನೇ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಅಧ್ಯಕ್ಷರ ಮನೆಗೆ ಹೋದೆ. ಅವರು ಬನಿಯನ್ನಿನಲ್ಲಿ ಪೇಪರ್ ಓದುತ್ತಿದ್ದರು.

"ಸಾರ್, ಸಹಿ ಇಲ್ಲ. ವಾಲ್ವ್ ಮುಚ್ಚಬೇಕು."

"ಇವತ್ತೊಂದಿನ ಅಮ್ಮ. ಒಳ್ಳೇ ಮಳೆ ಬರೋ ಹಂಗಿದೆ. ನೀವೇ ಒಂದು ಸಲ..."

"ನಾನಲ್ಲ. ಮುಚ್ಚಿ."

ನಾನು ಬಾಗಿಲಿನಿಂದ ಕದಲಲಿಲ್ಲ. ಅವರು ಪೇಪರ್ ಮಡಿಸಿ, ಕೀಲಿ ತೆಗೆದುಕೊಂಡು, ಬನಿಯನ್ನಿನಲ್ಲೇ ನನ್ನ ಹಿಂದೆ ಬಂದರು. ಬಗ್ಗಿ ವಾಲ್ವ್ ತಿರುಗಿಸಿದರು. ಬಿಗಿಯಾಗಿತ್ತು, ನಾಲ್ಕು ಸಲ ಉಸಿರು ತೆಗೆದುಕೊಂಡು ತಿರುಗಿಸಿದರು. ಎದ್ದು, "ಇನ್ನೊಬ್ಬ ಆಳನ್ನ ಗೊತ್ತುಮಾಡಬೇಕು, ಇವಳಿಲ್ಲದಾಗ ಬರೋಕೆ," ಅಂದರು.

"ಇವತ್ತೇ ಮಾಡಿ," ಅಂದೆ.

ಸಂಜೆ ಮಳೆ ಬಂತು. ಆ ವರ್ಷದಲ್ಲೇ ಜೋರಾದ ಮಳೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನನ್ನ ಕಡೆ ನೋಡುತ್ತಿದ್ದರು. ಸೊಸೆ ಒಳಗಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತಳು. ಅಷ್ಟೂ ನೀರು ಬಾವಿಯನ್ನು ದಾಟಿ ರಾಜಕಾಲುವೆಗೆ ಹೋಯಿತು. ಹೋಗುವುದು ಮುಗಿಯುವವರೆಗೆ ನಾನು ಒಳಗೆ ಹೋಗಲಿಲ್ಲ.